ರೇಖಾಚಿತ್ರದಿಂದ ವಿವರಘಟಕಕ್ಕೆ

ವಾಸ್ತುಶಿಲ್ಪಿಗಳ ಕಾರ್ಯಾಲಯಗಳಲ್ಲಿ ಹಲವು ವರ್ಷಗಳ ದುಡಿಮೆಯಿಂದ ಕೂಡಿಬಂದ ಆಟೋಕ್ಯಾಡ್ ನಕ್ಷೆಗಳ ಭಂಡಾರವಿರುವುದುಂಟು. ಕಿಟಕಿಯ ಸಜ್ಜೆ, ಮೆಟ್ಟಿಲಿನ ಅಂಚು, ತಾರಸಿಯ ಪ್ಯಾರಪೆಟ್ ಗೋಡೆ ಮೊದಲಾದುವುಗಳ ಛೇದಚಿತ್ರಗಳನ್ನು ಒಮ್ಮೆ ಸರಿಯಾಗಿ ರಚಿಸಿಟ್ಟು, ಕಟ್ಟಡದಿಂದ ಕಟ್ಟಡಕ್ಕೆ ಬಳಸುವುದು ವಾಡಿಕೆ. ಅಂತಹ ಕಾರ್ಯಾಲಯವು ರೆವಿಟ್ ತಂತ್ರಾಂಶಕ್ಕೆ ಬದಲಾದಾಗ, ಈ ಭಂಡಾರವನ್ನು ಹೊಸದರಲ್ಲಿ ಹೇಗೆ ಉಳಿಸಿಕೊಳ್ಳಬೇಕೆಂಬ ಪ್ರಶ್ನೆ ಏಳುತ್ತದೆ. ಆ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

೧. ಎರಡು ಸಾಧನಗಳ ಭೇದ

೧೯೮೨ರಲ್ಲಿ ಪ್ರಕಟವಾದ ಆಟೋಕ್ಯಾಡ್ ನಕ್ಷೆಗಾರನ ಹಲಗೆಯ ಕೆಲಸವನ್ನು ಗಣಕಯಂತ್ರಕ್ಕೆ ತಂದಿತು. ಅದರಲ್ಲಿ ಗೋಡೆಯೆಂದರೆ ಎರಡು ಸಮಾಂತರ ರೇಖೆಗಳು; ಅವು ಗೋಡೆಯೆಂಬ ಅರಿವು ನೋಡುವವನಲ್ಲಿದೆಯೇ ಹೊರತು ನಕ್ಷೆಯಲ್ಲಿಲ್ಲ. ೨೦೦೦ದಲ್ಲಿ ಹೊರಬಂದು ೨೦೦೨ರಲ್ಲಿ ಆಟೋಡೆಸ್ಕ್ ಸಂಸ್ಥೆಯ ವಶವಾದ ರೆವಿಟ್‌ನಲ್ಲಿಯಾದರೋ ಗೋಡೆಯು ಗೋಡೆಯಾಗಿಯೇ ದಾಖಲಾಗುತ್ತದೆ. ವಿವರಚಿತ್ರಕ್ಕಾಗಿ ಅದರಲ್ಲಿ ಡೀಟೇಲ್ ಕಾಂಪೊನೆಂಟ್ ಎಂಬ ದ್ವಿಪರಿಮಾಣದ ಘಟಕವುಂಟು. ಇದಕ್ಕೆ ಹೆಸರು, ಅಳತೆ, ಸಾಮಗ್ರಿಯ ವಿವರಣೆ ಇವೆಲ್ಲವೂ ಇರಬಲ್ಲವು. ಆದಕಾರಣ ಪರಿವರ್ತನೆಯೆಂದರೆ ರೇಖೆಗಳನ್ನು ನಕಲುಮಾಡುವುದಲ್ಲ. ರೇಖೆಗಳಲ್ಲಿ ಅಡಗಿದ್ದ ಅರ್ಥವನ್ನು ಬೇರ್ಪಡಿಸಿ ದಾಖಲೆಗೆ ತರುವುದು.

೨. ಸುಲಭಮಾರ್ಗವೂ ಅದರ ದೋಷಗಳೂ

ನಕ್ಷೆಯನ್ನು ಇಂಪೋರ್ಟ್ ಮಾಡಿ, ಎಕ್ಸ್‌ಪ್ಲೋಡ್ ಎಂಬ ಆಜ್ಞೆಯಿಂದ ಬಿಡಿರೇಖೆಗಳಾಗಿ ಒಡೆಯುವುದು ಮೊದಲಿಗೆ ಹೊಳೆಯುವ ದಾರಿ. (ಲಿಂಕ್ ಮಾಡಿದ ನಕ್ಷೆ ಹೀಗೆ ಒಡೆಯದು, ಹತ್ತು ಸಾವಿರಕ್ಕೆ ಮೀರಿದ ಅಂಶಗಳಾಗುವಂತಹುದೂ ಒಡೆಯದು.) ಇದರಿಂದ ಮೂರು ಬಗೆಯ ಹಾನಿಯಾಗುತ್ತದೆ.

ಮೊದಲನೆಯದಾಗಿ, ಹಳೆಯ ನಕ್ಷೆಯ ಒಂದೊಂದು ಪದರವೂ ಒಂದೊಂದು ರೇಖಾಶೈಲಿಯಾಗಿ ಯೋಜನೆಯ ಕಡತದಲ್ಲಿ ಸೇರಿಕೊಳ್ಳುತ್ತದೆ. ಇಪ್ಪತ್ತು ವಿವರಚಿತ್ರಗಳನ್ನು ಹೀಗೆ ತಂದರೆ ಶೈಲಿಗಳ ಪಟ್ಟಿಯಲ್ಲಿ ಯಾವುದು ಯಾವುದೆಂದು ತಿಳಿಯದಂತಾಗುತ್ತದೆ.

ಎರಡನೆಯದಾಗಿ, ಅಂಗುಲದ ಮೂವತ್ತೆರಡರಲ್ಲಿ ಒಂದು ಭಾಗಕ್ಕಿಂತ, ಎಂದರೆ ಸುಮಾರು ೦.೮ ಮಿಲಿಮೀಟರಿಗಿಂತ, ಕಿರಿದಾದ ರೇಖೆಯನ್ನು ರೆವಿಟ್ ರಚಿಸುವುದಿಲ್ಲ. ಪ್ಯಾರಪೆಟ್ ಗೋಡೆಗೂ ತಾರಸಿಗೂ ನಡುವಣ ಸಂದನ್ನು ಮುಚ್ಚುವ ೦.೫ ಮಿಲಿಮೀಟರು ದಪ್ಪದ ತಗಡನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆಟೋಕ್ಯಾಡ್‌ನಲ್ಲಿ ಅದನ್ನು ಎರಡು ಉದ್ದ ರೇಖೆಗಳಿಂದಲೂ ಅವುಗಳ ತುದಿಗಳನ್ನು ಕೂಡಿಸುವ ಎರಡು ಗಿಡ್ಡ ರೇಖೆಗಳಿಂದಲೂ ಬರೆದಿರುತ್ತಾರೆ. ಒಡೆದಾಗ ಗಿಡ್ಡ ರೇಖೆಗಳು ಬಿಟ್ಟುಹೋಗಿ ತಗಡಿನ ಆಕಾರವು ತೆರೆದುಕೊಳ್ಳುತ್ತದೆ. ಮಳೆನೀರನ್ನು ತಡೆಯಬೇಕಾದ ಅಂಗವೇ ಹೀಗೆ ಅಸ್ಪಷ್ಟವಾದರೆ, ಆ ನಕ್ಷೆಯನ್ನು ನಂಬಿ ಕಟ್ಟುವವನಿಗೆ ಅದು ತಗಡೋ ಬರಿಯ ಗೆರೆಯೋ ತಿಳಿಯದು.

ಮೂರನೆಯದಾಗಿ, ಬರಹವೂ ಬಿಡಿಯಾಗುತ್ತದೆ. ಗಾರೆಯ ಮಿಶ್ರಣವನ್ನು ಬದಲಿಸಬೇಕಾದರೆ, ಅದನ್ನು ನಮೂದಿಸಿದ ಎಲ್ಲ ಹಾಳೆಗಳನ್ನೂ ಹುಡುಕಿ ತಿದ್ದಬೇಕು. ಒಂದು ಹಾಳೆ ತಪ್ಪಿಹೋದರೂ ಎರಡು ಆದೇಶಗಳು ಒಂದೇ ಕಟ್ಟಡಕ್ಕೆ ಹೋಗುತ್ತವೆ.

೩. ಯುಕ್ತವಾದ ಕ್ರಮ

ಹಳೆಯ ನಕ್ಷೆಯನ್ನು ಯೋಜನೆಯ ಕಡತಕ್ಕೆ ತರದೆ, ಬೇರೊಂದು ಖಾಲಿ ಕಡತದಲ್ಲಿ ತೆರೆಯಬೇಕು. ತಂದೊಡನೆ ತಿಳಿದ ಅಳತೆಯೊಂದನ್ನು ಪರೀಕ್ಷಿಸತಕ್ಕದ್ದು. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಸುಮಾರು ೨೩೦ ಮಿಲಿಮೀಟರು ತೋರಬೇಕು. ಮಿಲಿಮೀಟರನ್ನು ಅಂಗುಲವೆಂದು ತಂತ್ರಾಂಶವು ಗ್ರಹಿಸಿದ್ದರೆ ಚಿತ್ರವು ೨೫.೪ ಪಟ್ಟು ಹಿಗ್ಗಿರುತ್ತದೆ.

ಬಳಿಕ ಚಿತ್ರದಲ್ಲಿರುವ ವಸ್ತುಗಳನ್ನು ಪಟ್ಟಿಮಾಡಬೇಕು: ಇಟ್ಟಿಗೆ ಗೋಡೆ, ಕಾಂಕ್ರೀಟಿನ ಹಲಗೆ, ಇಳಿಜಾರಿನ ಗಾರೆ, ನೀರುತಡೆಯ ಪದರ, ತಗಡು. ಒಂದೊಂದಕ್ಕೂ ಪ್ರತ್ಯೇಕ ಘಟಕವನ್ನು ರಚಿಸಿ, ಹಳೆಯ ಚಿತ್ರವನ್ನು ಅಳತೆಯ ಆಧಾರವಾಗಿ ಮಾತ್ರ ಇಟ್ಟುಕೊಂಡು, ಹೊಸದಾಗಿ ಗೆರೆಯೆಳೆಯುವುದು ಮೇಲು. ಗೋಡೆಯ ದಪ್ಪವನ್ನು ಆಧಾರತಲಗಳಿಗೂ ಅಳತೆಯ ಹೆಸರಿಗೂ ಬಂಧಿಸಿದರೆ ೨೩೦ಕ್ಕೂ ೧೧೫ಕ್ಕೂ ಒಂದೇ ಘಟಕ ಸಾಕು. ಹಿಂದಿನ ರೇಖೆಗಳನ್ನು ಮರೆಮಾಡಲು ಘಟಕದೊಳಗೆ ಮಾಸ್ಕಿಂಗ್ ರೀಜನ್ ಇಡಬೇಕು. ಮೇಲೆ ಹೇಳಿದ ತೆಳುತಗಡನ್ನು ನಾಲ್ಕು ರೇಖೆಗಳಿಂದಲ್ಲದೆ ಒಂದೇ ದಪ್ಪರೇಖೆಯಿಂದ ಸೂಚಿಸಿ, ಅದರ ನಿಜವಾದ ದಪ್ಪವನ್ನು ವಿವರಣೆಯಲ್ಲಿ ದಾಖಲಿಸತಕ್ಕದ್ದು. ಇಲ್ಲಿ ಅರ್ಥವನ್ನು ಕಾಯುವುದು ಚಿತ್ರಕ್ಕಿಂತ ದಾಖಲೆಯೇ.

ಬರಹದ ವಿಷಯವೂ ಇಂತಹುದೇ. ಸಾಮಗ್ರಿಯ ವಿವರಣೆಯನ್ನು ಘಟಕದ ಗುಣವಾಗಿ ತುಂಬಿ, ಹಾಳೆಯಲ್ಲಿ ಟ್ಯಾಗ್ ಇಟ್ಟರೆ, ಟ್ಯಾಗು ಆ ಗುಣವನ್ನೇ ಓದಿ ತೋರಿಸುತ್ತದೆ. ಒಂದು ಯೋಜನೆಯೊಳಗೆ ಒಮ್ಮೆ ತಿದ್ದಿದ್ದು ಎಲ್ಲ ಹಾಳೆಗಳಲ್ಲಿಯೂ ತಿದ್ದಿದಂತಾಗುತ್ತದೆ. ಕೊನೆಗೆ ಘಟಕಗಳನ್ನು ಡ್ರಾಫ್ಟಿಂಗ್ ವ್ಯೂ ಎಂಬ ಸ್ವತಂತ್ರ ಹಾಳೆಯಲ್ಲಿ ಜೋಡಿಸಿ ಗ್ರಂಥಾಲಯದ ಕಡತದಲ್ಲಿ ಇರಿಸಿದರೆ, ಮುಂದಿನ ಯೋಜನೆಗಳಿಗೆ ಅಲ್ಲಿಂದ ತರಿಸಿಕೊಳ್ಳಬಹುದು.

೪. ಇದರ ಮಿತಿ

ಇಂತಹ ಹಾಳೆಗೆ ಕಟ್ಟಡದ ಪ್ರತಿರೂಪದೊಡನೆ ಸಂಬಂಧವಿಲ್ಲವೆಂಬುದನ್ನು ಮರೆಯಲಾಗದು. ಪ್ರತಿರೂಪದಲ್ಲಿ ಗೋಡೆಯ ದಪ್ಪ ಬದಲಾದರೆ ವಿವರಚಿತ್ರವು ತಾನಾಗಿ ಬದಲಾಗದು. ತಾಳೆನೋಡುವ ಹೊಣೆ ಮನುಷ್ಯನದೇ. ಮತ್ತು ಪುನರ್ಬಳಕೆಯು ಗುಣವನ್ನು ಹರಡುವಂತೆಯೇ ದೋಷವನ್ನೂ ಹರಡುತ್ತದೆ. ಹಳೆಯ ಚಿತ್ರದಲ್ಲಿ ನೀರುತಡೆಯ ಪದರವನ್ನು ಗೋಡೆಯ ಮೇಲಕ್ಕೆ ಸಾಕಷ್ಟು ಎತ್ತದೆ ಬಿಟ್ಟಿದ್ದರೆ, ಪರಿವರ್ತಿಸಿದ ಘಟಕದ ಮೂಲಕ ಆ ಕೊರತೆ ಮುಂದಿನ ಎಲ್ಲ ತಾರಸಿಗಳಿಗೂ ಸಾಗುತ್ತದೆ. ಆದುದರಿಂದ ಪರಿವರ್ತನೆಯ ಕೆಲಸವನ್ನು ಗೆರೆಯೆಳೆಯುವವನಿಗೆ ಮಾತ್ರ ಒಪ್ಪಿಸದೆ, ಕಟ್ಟಡದ ಕೆಲಸವನ್ನು ಬಲ್ಲವರ ಪರಿಶೀಲನೆಯೊಡನೆ ನಡೆಸುವುದು ಯುಕ್ತ. ಭಂಡಾರದಲ್ಲಿರುವ ಪ್ರತಿಯೊಂದು ಚಿತ್ರವನ್ನೂ ಪರಿವರ್ತಿಸಬೇಕಾದ ಅಗತ್ಯವಿಲ್ಲ. ಮತ್ತೆ ಮತ್ತೆ ಬೇಕಾಗುವುವನ್ನು ಆರಿಸಿ, ಶೋಧಿಸಿ, ಅನಂತರವೇ ಗ್ರಂಥಾಲಯಕ್ಕೆ ಸೇರಿಸಿದರೆ ಶ್ರಮವು ಸಾರ್ಥಕವಾಗುತ್ತದೆ.