ಪಕ್ಕದ ರೋಲ್ ನಂಬರ್‌ನವರನ್ನ ಮೊದಲು ಮಾತಾಡ್ಸಿ

ಮೊದಲ ಸೆಮಿಸ್ಟರ್‌ನ ಮೊದಲ ವಾರದಲ್ಲಿ ಪ್ರತಿ ಪೀರಿಯಡ್‌ಗೂ ಒಬ್ಬ ಹೊಸ ಲೆಕ್ಚರರ್ ಬರ್ತಾರೆ. ಬಂದವರೆಲ್ಲ ಒಂದೇ ಮಾತು ಹೇಳ್ತಾರೆ: ಒಬ್ಬೊಬ್ಬರಾಗಿ ಎದ್ದು ಪರಿಚಯ ಮಾಡಿಕೊಳ್ಳಿ. ಹೆಸರು, ಊರು, ಪಿಯು ಓದಿದ ಕಾಲೇಜು, ಹಾಬಿ. ಅದೂ ಇಂಗ್ಲಿಷ್‌ನಲ್ಲಿ. ಮುಂದಿನ ಬೆಂಚಿನಿಂದ ಶುರುವಾದ ಸರದಿ ನಿಮ್ಮ ಸಾಲಿಗೆ ಬರೋಷ್ಟರಲ್ಲಿ ಅಂಗೈ ಬೆವರಿರುತ್ತೆ, ಗಂಟಲು ಒಣಗಿರುತ್ತೆ, ಕ್ರಿಕೆಟ್ ಬಿಟ್ಟು ಬೇರೆ ಹಾಬಿ ಒಂದೂ ನೆನಪಿಗೆ ಬರಲ್ಲ. ಹೇಳಿ ಕೂತ ಮೇಲಾದರೂ ನೆಮ್ಮದಿ ಉಂಟಾ? ‘ಮೈಸೆಲ್ಫ್’ ಅಂತ ಶುರು ಮಾಡಿಬಿಟ್ಟೆ, ಹಿಂದೆ ಯಾರೋ ನಕ್ಕ ಹಾಗಾಯ್ತು ಅಂತ ರಾತ್ರಿ ಹಾಸ್ಟೆಲ್ ಮಂಚದ ಮೇಲೂ ಅದೇ ಯೋಚನೆ.

ಹಾಗೆ ಯೋಚಿಸೋರಿಗೆ ನಾವು ಹೇಳೋದು ಇಷ್ಟು: ನಿಮ್ಮ ಮಾತು ಬಹುಪಾಲು ಯಾರಿಗೂ ನೆನಪಿಲ್ಲ. ತಮಾಷೆಗೆ ಹೇಳ್ತಿಲ್ಲ. ಸಾಲಾಗಿ ಕೂತು ಸರದಿಯಂತೆ ಓದಿ ಹೇಳೋರು ತಮ್ಮ ಹಿಂದು ಮುಂದಿನವರು ಹೇಳಿದ್ದನ್ನ ಎಷ್ಟು ನೆನಪಿಟ್ಟುಕೊಳ್ತಾರೆ ಅಂತ ಮಾಲ್ಕಂ ಬ್ರೆನ್ನರ್ ಎಂಬ ಸಂಶೋಧಕ ಪರೀಕ್ಷೆ ಮಾಡಿ 1973ರಲ್ಲಿ ಪ್ರಕಟಿಸಿದ್ದರು. ತಮ್ಮ ಸರದಿಗೆ ಸ್ವಲ್ಪ ಮುಂಚೆ ಹೇಳಿದವರ ಮಾತೇ ಎಲ್ಲಕ್ಕಿಂತ ಕಡಿಮೆ ನೆನಪಿತ್ತು. ನೀವು ತಡವರಿಸುವಾಗ ನಿಮ್ಮ ನಂತರದವರು ಮನಸ್ಸಲ್ಲೇ ತಮ್ಮ ವಾಕ್ಯ ಜೋಡಿಸ್ತಾ ಇರ್ತಾರೆ, ಪಾಪ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಪ್ರಯೋಗ ಆಗಿತ್ತು, 2000ದಲ್ಲಿ ಪ್ರಕಟವಾಯ್ತು. ಹಾಕ್ಕೊಳ್ಳೋಕೆ ಮುಜುಗರ ಆಗುವಂಥ ಒಬ್ಬ ಗಾಯಕನ ಚಿತ್ರ ಇರೋ ಟೀ ಶರ್ಟ್ ತೊಡಿಸಿ, ಜನ ಕೂತಿದ್ದ ಕೋಣೆಯೊಳಗೆ ಒಬ್ಬೊಬ್ಬ ವಿದ್ಯಾರ್ಥಿಯನ್ನ ಕಳಿಸಿದರು. ಅರ್ಧದಷ್ಟು ಜನ ನೋಡಿರ್ತಾರೆ ಅಂತ ತೊಟ್ಟವರ ಅಂದಾಜು. ಗಮನಿಸಿದ್ದು ಕಾಲು ಭಾಗದಷ್ಟು ಜನ. ಹಾಗಾಗಿ ಪರಿಚಯ ಆದ ಮೇಲೂ ‘ನಿಮ್ ಹೆಸರು ಮರೆತೋಯ್ತು, ಇನ್ನೊಂದ್ಸಲ ಹೇಳಿ’ ಅನ್ನೋದಕ್ಕೆ ಅಳುಕಬೇಡಿ. ಅವರಿಗೂ ನಿಮ್ಮ ಹೆಸರು ಮರೆತಿರುತ್ತೆ, ನೀವು ಕೇಳಿದ್ದು ಅವರಿಗೇ ಅನುಕೂಲ.

ಓರಿಯೆಂಟೇಷನ್ ದಿನ ಸ್ಟೇಜ್ ಮೇಲಿಂದ ‘ಎಲ್ಲರ ಜೊತೆ ಬೆರೆಯಿರಿ’ ಅಂತಾರಲ್ಲ, ಸಂಕೋಚದವರಿಗೆ ಅದು ಯಾವ ಉಪಯೋಗಕ್ಕೂ ಬರಲ್ಲ. ಎಲ್ಲರ ಜೊತೆ ಬೆರೆಯೋದು ಮಾತುಗಾರರ ಕೆಲಸ. ಉಳಿದವರಿಗೆ ದಾರಿ ತೋರಿಸೋದು ರೋಲ್ ನಂಬರ್. ಅಮೆರಿಕದ ಮೇರಿಲ್ಯಾಂಡ್‌ನ ಒಂದು ಪೊಲೀಸ್ ತರಬೇತಿ ಶಾಲೆಯಲ್ಲಿ ಮ್ಯಾಡಿ ಸೀಗಲ್ ಎಂಬ ಸಮಾಜಶಾಸ್ತ್ರಜ್ಞೆ ಮಾಡಿದ ಅಧ್ಯಯನ 1974ರಲ್ಲಿ ಬಂತು. ಅಲ್ಲಿ ಕೂರೋ ಜಾಗ, ಮಲಗೋ ಕೋಣೆ ಎಲ್ಲ ಮನೆತನದ ಹೆಸರಿನ ಅಕ್ಷರ ಕ್ರಮದಲ್ಲಿ ಹಂಚಿದ್ದರು. ಕೊನೆಗೆ ನಿಮ್ಮ ಆಪ್ತ ಸ್ನೇಹಿತರು ಯಾರು ಅಂತ ಕೇಳಿದರೆ, ಅಕ್ಷರಮಾಲೆಯಲ್ಲಿ ಅಕ್ಕಪಕ್ಕ ಇದ್ದವರ ಹೆಸರೇ ಹೆಚ್ಚಾಗಿ ಬಂತು. ನಮ್ಮ ಲ್ಯಾಬ್ ಬ್ಯಾಚ್‌ಗಳೂ ಬಹುಪಾಲು ಹೀಗೇ ಆಗೋದು. ಮಂಜುನಾಥನ ಪಕ್ಕ ಮಂಜುಳಾ, ಅವರ ಪಕ್ಕ ಮೆಹಬೂಬ್. ಸೀನಿಯರ್‌ಗಳ ಗ್ಯಾಂಗ್ ಒಂದನ್ನ ಹಿಡಿದು ಯುಎಸ್‌ಎನ್ ಕೇಳಿ ನೋಡಿ, ಕೊನೆಯ ಮೂರು ಅಂಕಿ ಎಷ್ಟು ಹತ್ತಿರ ಇರ್ತವೆ ಅಂತ ಗೊತ್ತಾಗುತ್ತೆ.

ಸಂಕೋಚದವರಿಗೆ ಲ್ಯಾಬ್ ಯಾಕೆ ಒಳ್ಳೆಯದು ಅಂದ್ರೆ, ಅಲ್ಲಿ ಮಾತಿಗೆ ವಿಷಯ ಹುಡುಕಬೇಕಾಗಿಲ್ಲ. ‘ನೀನು ರೀಡಿಂಗ್ ಹೇಳು, ನಾನು ಬರೀತೀನಿ’ ಅಂದ್ರೆ ಮಾತು ಶುರುವಾಯ್ತು. ಕಣ್ಣಿಗೆ ಕಣ್ಣಿಟ್ಟು ನೋಡೋ ಕಷ್ಟವೂ ಇಲ್ಲ, ಇಬ್ಬರ ಕಣ್ಣೂ ಸ್ಕೇಲ್ ಮೇಲಿರುತ್ತೆ. ಆದರೆ ಅಲ್ಲಿಗೇ ನಿಂತರೆ ಸಾಲದು. ಬರೀ ಪರಿಚಯ ಇದ್ದವರು ಒಂದು ಮಟ್ಟದ ಸ್ನೇಹಿತರಾಗೋಕೆ ಸುಮಾರು 50 ಗಂಟೆ, ಆಪ್ತರಾಗೋಕೆ 200 ಗಂಟೆಗೂ ಹೆಚ್ಚು ಬೇಕು ಅಂತ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ವಾರಕ್ಕೆ ಎರಡು ಲ್ಯಾಬ್, ಎರಡೆರಡು ಗಂಟೆ, ಹದಿನೈದು ವಾರ: ಕೂಡಿದರೆ 60 ಗಂಟೆ ಆಗೇಹೋಯ್ತು ಅಂದ್ಕೋಬೇಡಿ. ಕ್ಲಾಸಿನಲ್ಲೋ ಕೆಲಸದಲ್ಲೋ ಒಟ್ಟಿಗಿದ್ದ ಗಂಟೆಗಳಿಗಿಂತ ಹೊರಗೆ ಸುಮ್ಮನೆ ಕಳೆದ ಗಂಟೆಗಳಿಗೇ ತೂಕ ಜಾಸ್ತಿ ಅಂತಲೂ ಅವರೇ ಹೇಳಿದ್ದಾರೆ. ಲ್ಯಾಬ್ ಬಿಟ್ಟ ಮೇಲೆ ಬ್ಯಾಗ್ ಹಾಕ್ಕೊಂಡು ಒಬ್ಬರೇ ರೂಮಿಗೆ ಓಡೋದರ ಬದಲು ‘ಟೀ ಕುಡಿಯೋಣ್ವಾ?’ ಅಂತ ಕೇಳೋದು ಇದಕ್ಕೇ. ಧೈರ್ಯ ಬೇಕಾಗಿರೋದು ಈ ಎರಡು ಪದಕ್ಕೆ ಮಾತ್ರ.

ಇನ್ನು, ಸಂಕೋಚ ಅಂತ ನಾವು ಕರೆಯೋದು ಎಷ್ಟೋ ಸಲ ಸಂಕೋಚವೇ ಅಲ್ಲ. ಊರಲ್ಲಿ ವಾಲಿಬಾಲ್ ಟೀಮ್ ಕಟ್ಟಿದವರು, ಗಣೇಶನ ಹಬ್ಬಕ್ಕೆ ಮನೆ ಮನೆ ಸುತ್ತಿ ಚಂದಾ ಎತ್ತಿದವರು ಇಲ್ಲಿ ಬಂದು ಬಾಯಿ ಬಿಡಲ್ಲ ಅಂದ್ರೆ ಅವರ ಸ್ವಭಾವ ಒಂದೇ ತಿಂಗಳಲ್ಲಿ ಬದಲಾಯ್ತಾ? ಇಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುನಲ್ಲಿ ಇಂಗ್ಲಿಷ್ ಓದಿ ಬರೆದರೂ ಮಾತಾಡಿದ್ದು ಕನ್ನಡವೇ. ಈಗ ಏಕಾಏಕಿ ಮಾತೂ ಇಂಗ್ಲಿಷ್ ಆಗಬೇಕು ಅಂದ್ರೆ ನಾಲಿಗೆ ಕಟ್ಟುತ್ತೆ. ಡೌಟ್ ಇರುತ್ತೆ, ಕೇಳಲ್ಲ. ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬರುತ್ತೆ, ‘ನನಗೆ ಇಂಜಿನಿಯರಿಂಗ್ ಆಗಿಬರಲ್ಲ’ ಅನ್ನೋ ತೀರ್ಮಾನಕ್ಕೆ ಬಂದುಬಿಡ್ತಾರೆ. ಮಾತಿನ ತೊಡಕನ್ನ ಬುದ್ಧಿಯ ತೊಡಕು ಅಂತ ತಿಳಿಯೋದು, ಇದು ನಮಗೆ ನಿಜಕ್ಕೂ ಸಂಕಟ ಕೊಡೋ ವಿಷಯ.

ನೆನಪಿರಲಿ, ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದ್ದು ಶೇ. 5 ಇದೆ. ನಿಮ್ಮಂಥವರು ನಿಮ್ಮ ಕ್ಲಾಸಿನಲ್ಲೇ ಹತ್ತಾರು ಜನ ಇದ್ದಾರೆ. ಎಲ್ಲರೂ ಬಾಯಿ ಮುಚ್ಚಿಕೊಂಡಿರೋದ್ರಿಂದ ಪ್ರತಿಯೊಬ್ಬರಿಗೂ ತಾನೊಬ್ಬನೇ, ತಾನೊಬ್ಬಳೇ ಅನ್ನಿಸ್ತಿದೆ ಅಷ್ಟೆ. ಕನ್ನಡದಲ್ಲೇ ಕೇಳಿ. ಬಹಳಷ್ಟು ಲೆಕ್ಚರರ್‌ಗಳು ಕ್ಲಾಸ್ ಮುಗಿದ ಮೇಲೆ ಕಾರಿಡಾರ್‌ನಲ್ಲಿ ಕನ್ನಡದಲ್ಲೇ ಬಿಡಿಸಿ ಹೇಳ್ತಾರೆ. ಇಂಗ್ಲಿಷ್ ಬರುತ್ತೆ ನಿಧಾನಕ್ಕೆ, ಅದಕ್ಕಾಗಿ ಒಂದು ವರ್ಷ ಮೂಕರಾಗಿರಬೇಕಿಲ್ಲ.

ಕನ್ನಡದೊಳಗೇ ಇನ್ನೊಂದು ಅಳುಕಿದೆ. ಬೆಂಗಳೂರು, ಮೈಸೂರು ಕಡೆಯ ಕಾಲೇಜಿಗೆ ಬಂದ ಕಲಬುರಗಿ, ವಿಜಯಪುರದವರು ‘ಮಂದಿ’, ‘ನಾಷ್ಟಾ’, ‘ಒಲ್ಲೆ’ ಅಂದ ಕೂಡಲೇ ಯಾರೋ ಸಿನಿಮಾ ಡೈಲಾಗ್ ಥರ ಹೇಳಿ ನಗಿಸ್ತಾರೆ. ಕರಾವಳಿಯವರು ‘ಎಂತ ಮಾರಾಯ’ ಅಂದರೂ ಅದೇ ಕತೆ. ನಕ್ಕವರಿಗೆ ಅದು ಪ್ರೀತಿ ಇರಬಹುದು. ನಗಿಸಿಕೊಂಡವರು ಮಾರನೇ ದಿನದಿಂದ ಪುಸ್ತಕದ ಕನ್ನಡ ಮಾತಾಡ್ತಾರೆ, ಇಲ್ಲಾ ಸುಮ್ಮನಾಗ್ತಾರೆ. ನಮ್ಮ ಸಲಹೆ: ಇದನ್ನೇ ಮಾತಿನ ಬಾಗಿಲು ಮಾಡ್ಕೊಳ್ಳಿ. ಮೆಸ್‌ನಲ್ಲಿ ಎದುರು ಕೂತವರನ್ನ ‘ನಿಮ್ ಕಡೆ ಇದಕ್ಕೆ ಏನಂತಾರೆ?’ ಅಂತ ಕೇಳಿ. ರೊಟ್ಟಿ ಅಂದ್ರೆ ಬೀದರ್‌ನವರಿಗೆ ಜೋಳದ್ದು, ಹಾಸನದವರಿಗೆ ಅಕ್ಕಿಯದು. ಅರ್ಧ ಗಂಟೆ ಜಗಳ ಗ್ಯಾರಂಟಿ, ಊಟ ಮುಗಿಯೋಷ್ಟರಲ್ಲಿ ಪರಿಚಯವೂ ಗ್ಯಾರಂಟಿ. ‘ಗುರು’, ‘ಮಗಾ’ ಅಂತ ಮೊದಲ ದಿನವೇ ಕರೆಯೋಕೆ ಆಗದಿದ್ರೆ ಬೇಡ, ‘ರೀ’ ಅಂತಲೇ ಇರಲಿ. ಅದು ತಾನಾಗೇ ಕಳಚಿಕೊಳ್ಳುತ್ತೆ.

ಮಾತಾಡಿ ಬಂದ ಮೇಲೆ ‘ಛೇ, ನನ್ನ ಬಗ್ಗೆ ಏನಂದ್ಕೊಂಡ್ರೋ’ ಅನ್ನಿಸೋದು ಸಹಜ. ಹೊಸಬರಿಬ್ಬರು ಮಾತಾಡಿದ ಮೇಲೆ, ಎದುರಿನವರು ತಮ್ಮನ್ನ ಮೆಚ್ಚಿದ್ದಕ್ಕಿಂತ ಕಡಿಮೆಯೇ ಮೆಚ್ಚಿದ್ದಾರೆ ಅಂತ ಇಬ್ಬರೂ ಅಂದಾಜು ಮಾಡ್ತಾರೆ ಅಂತ 2018ರ ಒಂದು ಅಧ್ಯಯನ ತೋರಿಸಿತು. ಒಂದೇ ವಸತಿಯಲ್ಲಿದ್ದ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿದಿತ್ತಂತೆ.

ಆದರೆ ಎಲ್ಲವನ್ನೂ ಟೀ, ರೊಟ್ಟಿಯಿಂದ ಸರಿಮಾಡೋಕಾಗಲ್ಲ. ಒಬ್ಬರೇ ಮೆಸ್ಸಿಗೆ ಹೋಗೋಕೆ ಹೆದರಿ ಊಟ ಬಿಡೋದು, ವೈವಾ ಅಂದ ಕೂಡಲೇ ಲ್ಯಾಬ್ ತಪ್ಪಿಸೋದು ವಾರಗಟ್ಟಲೆ ನಡೀತಿದ್ರೆ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ‘ಇಂಟರಾಕ್ಷನ್’ ಅಂತ ಹೆಸರಿಟ್ಟು ಸೀನಿಯರ್‌ಗಳು ಸತಾಯಿಸ್ತಿದ್ರಂತೂ ಅದು ರ‍್ಯಾಗಿಂಗ್, ನಿಮ್ಮ ಸಂಕೋಚಕ್ಕೂ ಅದಕ್ಕೂ ಸಂಬಂಧವಿಲ್ಲ. 1800-180-5522ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ.

ಮೂರನೇ ಸೆಮಿಸ್ಟರ್‌ನವರಿಗೂ ಒಂದು ಮಾತು. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಸೇರೋರ ಯುಎಸ್‌ಎನ್ ವಿಟಿಯುನಲ್ಲಿ 400ರಿಂದ ಶುರುವಾಗುತ್ತೆ. ಪಕ್ಕದ ರೋಲ್ ನಂಬರ್ ಅನ್ನೋ ಉಪಾಯ ಅವರಿಗೆ ಅರ್ಧ ಮಾತ್ರ ಕೆಲಸ ಮಾಡುತ್ತೆ, ಯಾಕಂದ್ರೆ ಅವರ ಪಕ್ಕದವರೂ ಹೊಸಬರೇ. ನಿಮ್ಮ ಗುಂಪುಗಳೆಲ್ಲ ಆಗಲೇ ಕಟ್ಟಿಕೊಂಡಿರ್ತವೆ, ಅವರು ಲ್ಯಾಬ್‌ನ ಕೊನೇ ಟೇಬಲ್ ಹತ್ತಿರ ನಿಂತಿರ್ತಾರೆ. ಮೆಷಿನ್ ಮುಟ್ಟಿ ಮೂರು ವರ್ಷ ಕಲಿತು ಬಂದವರು, ಪ್ರಾಕ್ಟಿಕಲ್‌ನಲ್ಲಿ ನಿಮಗಿಂತ ಒಂದು ಕೈ ಮೇಲೇ. ಈ ಸಲ ಟೀಗೆ ಹೋಗೋವಾಗ ಅವರನ್ನೂ ಕರೀರಿ, ಗಣಿತದ ನೋಟ್ಸ್ ತಗೊಂಡು ಹೋಗಿ. ಅವರಿಗೆ ಅದು ಬೇಕಿರುತ್ತೆ, ಕೇಳೋಕೆ ಸಂಕೋಚ.