ಸಿಹಿ ಐಸ್ ಟೀ: ಹಾಲು ಮುಚ್ಚಿಡ್ತಿದ್ದ ಮೂರು ಸಂಗತಿ

ಗುಂಡಗುರ್ತಿ ಆಗ್ಲಿ, ಸೇಡಂ ಆಗ್ಲಿ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೂ ನಮಗೆ ಚಾ ಬೇಕೇ ಬೇಕು. ಆದ್ರೆ ಮಧ್ಯಾಹ್ನ ಬಿಸಿ ಚಾ ಗಂಟಲಿಗೆ ಇಳಿಯಂಗಿಲ್ಲ. ಹಂಗಾಗಿ ಫೋನ್‌ನಾಗ ರೀಲ್ ನೋಡಿ ಮನೆಯಲ್ಲೇ ಐಸ್ ಟೀ ಮಾಡೋರು ಬಹಳ ಮಂದಿ. ಮಾಡಿದ ಮೇಲೆ ದೂರು ಮೂರು: ಒಗರಾಯ್ತು, ಕೆಸರು ನೀರಿನಂಗ ಕಾಣ್ತದ, ಸಕ್ರಿ ತಳದಾಗ ಕುಂತದ.

ಮೂರಕ್ಕೂ ಬೇರು ಒಂದೇ. ನಾವು ದಿನಾ ಮಾಡೋದು ಹಾಲಿನ ಚಾ. ಹಾಲು ಬಹಳಷ್ಟನ್ನು ಮುಚ್ಚಿಡ್ತದ. ಹಾಲು ತೆಗೆದ ಕೂಡಲೇ ಪುಡಿ, ನೀರು, ಸಕ್ಕರೆ ಎಲ್ಲದರ ಲೆಕ್ಕ ಬಯಲಿಗೆ ಬರ್ತದ. ಒಂದೊಂದಾಗಿ ನೋಡೋಣ.

ಮೊದಲನೇದು, ಪುಡಿ. ನಮ್ಮ ಮನೆಯಲ್ಲಿರೋ ಕಾಳು ಕಾಳು ಚಹಾಪುಡಿಗೆ ಸಿಟಿಸಿ ಅಂತಾರೆ. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡೋ ಯಂತ್ರದ ಪದ್ಧತಿ ಅದು. 1930ರ ದಶಕದಲ್ಲಿ ಅಸ್ಸಾಂನಲ್ಲಿ ಶುರುವಾಯ್ತು. ಕಾಳು ಸಣ್ಣದಾದಷ್ಟೂ ರಸ ಬೇಗ ಬಿಡ್ತದ. ಹಾಲು, ಸಕ್ಕರೆ ಹಾಕಿ ಕುದಿಸಿದರೂ ರುಚಿ ಮುಂದೆ ನಿಲ್ಲುವಂಥ ಗಟ್ಟಿ ಪುಡಿ. ಚಹಾದ ಒಗರಿಗೆ ಕಾರಣ ಅದರಲ್ಲಿರುವ ಪಾಲಿಫಿನಾಲ್‌ಗಳು. ಹಾಲಿನ ಪ್ರೋಟೀನು ಅವನ್ನು ಹಿಡಿದು ಕಟ್ಟಿಹಾಕ್ತದ, ನಾಲಿಗೆಗೆ ಒಗರು ತಾಗಂಗಿಲ್ಲ. ಅದಕ್ಕೇ ಹತ್ತು ನಿಮಿಷ ಕುದಿಸಿದ ಹೋಟೆಲ್ ಚಾ ನಮಗೆ 'ಕಡಕ್' ಅನ್ನಿಸ್ತದ. ಹಾಲಿಲ್ಲದೆ ಅಷ್ಟೇ ಕುದಿಸಿ ನೋಡ್ರಿ, ಕಷಾಯ ಆಗ್ತದ.

ರೀಲ್‌ಗಳಲ್ಲಿ ಬರೋ ವಿಧಾನ ಹೆಚ್ಚಾಗಿ ಅಮೆರಿಕದ ದಕ್ಷಿಣ ರಾಜ್ಯಗಳದ್ದು. 1904ರಲ್ಲಿ ಸೇಂಟ್ ಲೂಯಿಸ್ ಮೇಳಕ್ಕೆ ಭಾರತದ ಚಹಾ ಪ್ರಚಾರಕ್ಕೆ ಹೋಗಿದ್ದ ರಿಚರ್ಡ್ ಬ್ಲೆಚಿಂಡೆನ್ ಅನ್ನೋರು ಸೆಖೆಗೆ ಬಿಸಿ ಚಾ ಯಾರೂ ಕುಡಿಯಲಿಲ್ಲ ಅಂತ ಐಸ್ ಹಾಕಿ ಕೊಟ್ಟರು, ಐಸ್ ಟೀ ಹುಟ್ಟಿದ್ದೇ ಹಂಗ ಅಂತ ಕಥೆ ಹೇಳ್ತಾರೆ. ಆದರೆ 1879ರಲ್ಲಿ ಬಂದ 'ಹೌಸ್‌ಕೀಪಿಂಗ್ ಇನ್ ಓಲ್ಡ್ ವರ್ಜೀನಿಯಾ' ಎಂಬ ಅಡುಗೆ ಪುಸ್ತಕದಲ್ಲೇ ಇದರ ವಿಧಾನ ಇತ್ತು. ನಮಗೆ ಮುಖ್ಯವಾದ ಮಾತು ಬೇರೆ: ಅವರ ಅಳತೆ, ಅವರ ಸಮಯ ನಮ್ಮ ಸಿಟಿಸಿ ಪುಡಿಗೆ ಹೊಂದೋದಿಲ್ಲ.

ಎರಡನೇದು, ನೀರು. ಇದು ನಮ್ಮ ಭಾಗದ ಖಾಸ್ ಸಮಸ್ಯೆ. ಶಹಾಬಾದ್ ಕಲ್ಲು ಅಂದ್ರೆ ಸುಣ್ಣದ ಕಲ್ಲು. ವಾಡಿ, ಸೇಡಂ, ಚಿತ್ತಾಪುರದ ಕಡೆ ಸಿಮೆಂಟ್ ಕಾರ್ಖಾನೆ ಬಂದದ್ದೂ ಈ ಕಲ್ಲಿನ ಸಲುವಾಗಿಯೇ. ಅದೇ ಕಲ್ಲಿನ ನಡುವೆ ಇಳಿದು ಬರೋ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಕರಗಿರ್ತದ. ಗಡಸು ನೀರಿನಲ್ಲಿ ಚಹಾ ಮಾಡಿದರೆ ಮೇಲೆ ತೆಳುವಾದ ಕೆನೆಯಂಥ ಪದರ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಹಾಲಿನ ಚಾದಲ್ಲಿ ಇದು ಕಾಣಂಗಿಲ್ಲ. ಗಾಜಿನ ಗ್ಲಾಸಿನಲ್ಲಿ ಎದ್ದು ಕಾಣ್ತದ.

ಉಪಾಯ ಸರಳ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರಿದ್ದರೆ ಅದನ್ನೇ ಬಳಸ್ರಿ. ಇಲ್ಲಾಂದ್ರೆ ಬೋರ್ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಪುಡಿ ಬಿಟ್ಟು ಮೇಲಿನ ತಿಳಿ ತೊಗೊಳ್ರಿ. ಗಡಸುತನ ಪೂರ್ತಿ ಹೋಗೋದಿಲ್ಲ, ಒಂದಷ್ಟು ಕಡಿಮೆ ಆಗ್ತದ. ಲಿಂಬಿಹುಳಿಯೂ ಆ ಪದರವನ್ನು ತಡೀತದ, ಬಣ್ಣ ತಿಳಿ ಮಾಡ್ತದ. ನೀರು ಒಳ್ಳೇದಿದ್ದೂ ಕದಡಿದರೆ, ಗಟ್ಟಿ ಡಿಕಾಕ್ಷನ್ ದಿಢೀರ್ ತಣ್ಣಗಾಗಿದೆ ಅಂತ ಅರ್ಥ. ತಂಪಾದಾಗ ಕೆಫೀನ್ ಮತ್ತು ಪಾಲಿಫಿನಾಲ್ ಒಂದಕ್ಕೊಂದು ಅಂಟಿಕೊಳ್ತವೆ. ಅದು ಕೆಟ್ಟದ್ದಲ್ಲ, ನೋಡಲು ಚಂದ ಇರೋದಿಲ್ಲ, ಅಷ್ಟೇ.

ಮೂರನೇದು, ಸಕ್ಕರೆ. ತಣ್ಣೀರಿನಲ್ಲಿ ಸಕ್ಕರೆ ಕರಗೋದೇ ಇಲ್ಲ ಅಂತಾರಲ್ಲ, ಅದು ಸುಳ್ಳು. ಕರಗ್ತದ, ಆದರೆ ಬಹಳ ನಿಧಾನ. ಅದಕ್ಕೆ ಡಿಕಾಕ್ಷನ್ ಬಿಸಿ ಇದ್ದಾಗಲೇ ಹಾಕಿ ಕಲಸಬೇಕು. ಅಪಾಯ ಇರೋದು ಬೇರೆ ಕಡೆ: ತಂಪಾದ ಪಾನೀಯದಲ್ಲಿ ಸಿಹಿ ನಾಲಿಗೆಗೆ ಕಡಿಮೆ ತಿಳೀತದ. ಬಿಸಿ ಇದ್ದಾಗ ಸಾಕೆನಿಸಿದ ಸಿಹಿ, ಐಸ್ ಬಿದ್ದ ಮೇಲೆ ಸಪ್ಪೆ ಅನ್ನಿಸಿ ಇನ್ನೆರಡು ಚಮಚ ಹಾಕ್ತೀವಿ. ಆದ್ದರಿಂದ ರುಚಿ ನೋಡಿ ಹಾಕಬೇಡ್ರಿ, ಅಳೆದು ಹಾಕ್ರಿ.

ಒಂದು ಲೀಟರಿಗೆ ನನ್ನ ಅಳತೆ ಇದು. ಅರ್ಧ ಲೀಟರ್ ನೀರು ಕುದಿಸಿ, ಒಲೆ ಆರಿಸಿ. 10 ಗ್ರಾಂ ಪುಡಿ ಹಾಕಿ ಮುಚ್ಚಿಡಿ. 3 ನಿಮಿಷ ಸಾಕು. ಸೋಸಿ, ಬಿಸಿ ಇದ್ದಾಗಲೇ 50 ಗ್ರಾಂ ಸಕ್ಕರೆ ಕಲಸಿ. ತಾನಾಗಿ ಆರಿದ ಮೇಲೆ ಒಂದು ಲಿಂಬಿಹಣ್ಣಿನ ರಸ, ಅರ್ಧ ಲೀಟರ್ ಕುಡಿಯೋ ತಣ್ಣೀರು. ಪುದೀನ ಇದ್ದರೆ ನಾಲ್ಕೆಲೆ.

ಈಗ ಬಿ.ಕಾಂ ಲೆಕ್ಕ. ಸಕ್ಕರೆ ಕಿಲೋಗೆ 45 ರೂಪಾಯಿ, ಪುಡಿ ಕಿಲೋಗೆ 500, ಲಿಂಬಿ ಒಂದಕ್ಕೆ 5 ಅಂತ ಹಿಡೀರಿ. ಸಕ್ಕರೆಗೆ 2 ರೂಪಾಯಿ 25 ಪೈಸೆ, ಪುಡಿಗೆ 5, ಲಿಂಬಿಗೆ 5. ಗ್ಯಾಸ್, ನೀರು ಬಿಟ್ಟು ಲೀಟರಿಗೆ ಸುಮಾರು 12 ರೂಪಾಯಿ. ನಿಮ್ಮೂರಿನ ದರ ಹಾಕಿ ನೀವೇ ನೋಡ್ರಿ.

ದುಡ್ಡಿಗಿಂತ ದೊಡ್ಡ ಲೆಕ್ಕ ಸಕ್ಕರೇದು. ಈ ಅಳತೆಯಲ್ಲಿ 200 ಮಿಲಿ ಗ್ಲಾಸಿಗೆ 10 ಗ್ರಾಂ ಸಕ್ಕರೆ. ದೊಡ್ಡವರು ದಿನಕ್ಕೆ ತಿನ್ನೋ ಸೇರಿಸಿದ ಸಕ್ಕರೆ 50 ಗ್ರಾಂ ಒಳಗಿರಲಿ, 25ರ ಒಳಗಿದ್ದರೆ ಇನ್ನೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಅಂಗಡಿ ಬಾಟಲಿಯ ಹಿಂದೆ 100 ಮಿಲಿಗೆ 8 ಗ್ರಾಂ ಅಂತ ಬರೆದಿದ್ದರೆ, 350 ಮಿಲಿ ಬಾಟಲಿ ಒಂದರಲ್ಲೇ 28 ಗ್ರಾಂ ಒಳಗೆ ಹೋಯ್ತು. ಬಾಟಲಿ ತಿರುಗಿಸಿ ಓದೋ ರೂಢಿ ಇಟ್ಕೊಳ್ರಿ. ಮನೆಯಲ್ಲಿ ಮಾಡೋದರ ನಿಜವಾದ ಲಾಭ ಇದೇ: ಈ ವಾರ 50 ಗ್ರಾಂ, ಮುಂದಿನ ವಾರ 40. ನಾಲಿಗೆ ಹೊಂದಿಕೊಳ್ತದ.

ಕೊನೆಗೆ ಬರ್ಫಿನ ಮಾತು. ಸಂತೆಯ ದೊಡ್ಡ ಗಡ್ಡೆ ಬರ್ಫು ಮೀನು, ಮಾಲು ಕೆಡದಂಗ ಇಡಲಿಕ್ಕೆ ಮಾಡಿದ್ದಿರಬಹುದು. ಅಂಥ ಐಸಿಗೆ ನೀಲಿ ಬಣ್ಣ ಸೇರಿಸಬೇಕು ಅಂತ ಎಫ್‌ಎಸ್‌ಎಸ್‌ಎಐ 2018ರಲ್ಲಿ ಸೂಚಿಸಿತ್ತು. ನೀಲಿ ಕಂಡರೆ ಮುಟ್ಟಬೇಡ್ರಿ. ಬಿಳಿ ಇದ್ದರೂ ಯಾವ ನೀರಿಂದು ಅಂತ ಕೇಳ್ರಿ. ಫ್ರಿಜ್ ಇಲ್ಲದವರು ಮಣ್ಣಿನ ಗಡಿಗೆಯ ನೀರು ಬೆರೆಸಿದರೂ ಸಾಕಷ್ಟು ತಂಪು ಬರ್ತದ. ಬರಣಿಯನ್ನು ಬಿಸಿಲಿಗಿಟ್ಟು ಚಹಾ ಮಾಡೋ ರೀಲ್ ನಂಬಬೇಡ್ರಿ. ಆ ಶಾಖಕ್ಕೆ ರೋಗಾಣು ಸಾಯೋದಿಲ್ಲ. ಮಾಡಿದ್ದು ಫ್ರಿಜ್‌ನಲ್ಲಿ ಇಟ್ಟರೂ ಮರುದಿನದೊಳಗೆ ಮುಗಿಸ್ರಿ. ಕರೆಂಟು ಹೋಗಿ ತಾಸುಗಟ್ಟಲೆ ಹೊರಗೇ ಉಳಿದಿದ್ದರೆ ಚೆಲ್ಲಿಬಿಡ್ರಿ.

ಇನ್ನೊಂದು ಮಾತು. ಹೊಲದಾಗ, ಖಣಿಯಾಗ ದುಡಿದು ಬಿಸಿಲಿಗೆ ತಲೆ ತಿರುಗಿ ಬಂದವರಿಗೆ ಇದು ಮದ್ದಲ್ಲ. ಅವರನ್ನು ನೆರಳಿಗೆ ಕರೆತಂದು ನೀರು, ಓಆರ್‌ಎಸ್ ಕೊಡ್ರಿ; ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಏನೂ ಕುಡಿಸದೆ ಸೀದಾ ಆಸ್ಪತ್ರೆಗೆ. ಐಸ್ ಟೀ ಸಂಜೆ ಕಟ್ಟೆ ಮೇಲೆ ಗೆಳೆಯರ ಜೊತೆ ಕುಡಿಯೋ ಖುಷಿಗೆ.

ನಿಮ್ಮೂರಿನ ನೀರಿನಲ್ಲಿ ಬಣ್ಣ ಹೆಂಗ್ ಬಂತು, ಒಂದು ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.