ಪುಸ್ತಕದ ನೆಪದಲ್ಲಿ ಮನೆಮಾತು

“ಆ ಪುಸ್ತಕ ಹೇಗಿದೆ?” ಎಂದು ನೆರೆಯವರನ್ನು ಕೇಳಿದರೆ “ಚೆನ್ನಾಗಿದೆ” ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಹರಟೆ ಬೆಳೆಯಬೇಕಾದರೆ ಪುಸ್ತಕದೊಳಗಿನ ಒಂದು ಸಣ್ಣ ಸಂಗತಿಯನ್ನು ಹಿಡಿದು ಹೊರಡಬೇಕು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ನೀಳ್ಗತೆಯನ್ನೇ ನೋಡಿ. 2013ರಲ್ಲಿ ಪ್ರಕಟವಾದ ಇದರ ಹೆಸರು, ಮೂವತ್ತು ವರ್ಷ ನಿಘಂಟು ತಿರುವಿದ ನನಗೂ ಅಲ್ಲಿ ಸಿಗಲಿಲ್ಲ. ಬಿಡಿಸಲಾರದ ಸಿಕ್ಕಿಗೆ ಕಥೆಯ ಸೊಸೆ ಅನಿತಾಳ ತವರಿನವರು ಕಟ್ಟಿಕೊಂಡ ಮಾತು ಅದು. ನಿಮ್ಮ ಮನೆಯಲ್ಲೂ ಇಂಥವು ಒಂದೆರಡು ಇರಲೇಬೇಕು. ಪಕ್ಕದವರನ್ನು ಕೇಳಿ, ಕಾಫಿ ಆರಿದರೂ ಹೇಳುತ್ತಲೇ ಇರುತ್ತಾರೆ.

ಆಮೇಲೆ ಕಷ್ಟದ ಪ್ರಶ್ನೆಗೆ ಬನ್ನಿ. ಕಥೆಯಲ್ಲಿ ತಂದೆಗಿದ್ದ ಚಹಾಪುಡಿ ಮಾರುವ ಕೆಲಸ ಹೋಗುತ್ತದೆ. ಚಿಕ್ಕಪ್ಪ ಮಸಾಲೆಪುಡಿಯ ವ್ಯಾಪಾರ ಹಿಡಿಯುತ್ತಾನೆ. ಇರುವೆಗಳ ಕಾಟದ ಚಿಕ್ಕ ಮನೆಯಿಂದ ಸಂಸಾರ ದೊಡ್ಡ ಮನೆಗೆ ಬರುತ್ತದೆ. ಅಲ್ಲಿಂದ ಚಿಕ್ಕಪ್ಪನ ಊಟ, ನಿದ್ದೆ, ಮುನಿಸುಗಳೇ ಎಲ್ಲರ ಚಿಂತೆ. ಅವನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಬೈದು ಅಟ್ಟುತ್ತಾರೆ. ಅದು ತಪ್ಪೆಂದು ಬಾಯಿಬಿಟ್ಟವಳು ಅನಿತಾ ಒಬ್ಬಳೇ. ದುಡಿದು ತರುವವನ ತಪ್ಪನ್ನು ಅವನ ಅನ್ನ ಉಣ್ಣುವವರು ಎತ್ತಿ ಹೇಳಬಹುದೆ?

ಇದನ್ನೇ ನಮ್ಮ ಮನೆಯ ಹೆಸರೆತ್ತಿ ಕೇಳಿದರೆ ಜಗಳವಾದೀತು. ಅನಿತಾಳ ಹೆಸರಿನಲ್ಲಿ ಕೇಳಿದರೆ ಅತ್ತೆಯವರೂ ತಮ್ಮ ಅಭಿಪ್ರಾಯ ಹೇಳುತ್ತಾರೆ, ಸೊಸೆಯೂ ಹೇಳುತ್ತಾಳೆ. ಯಾರ ಮಾನವೂ ಹೋಗದು. ಅದಕ್ಕಾಗಿ ಒಂದು ಸಂಜೆ ರೇಡಿಯೋ ನಿಲ್ಲಿಸಿದರೆ ಬಾನುಲಿಯವರೇನೂ ಮುನಿಸಿಕೊಳ್ಳಲಾರರು.

ಪುಸ್ತಕ ಚಿಕ್ಕದು, ಒಂದೇ ಪ್ರತಿ ನಾಲ್ಕು ಮನೆ ಸುತ್ತಬಹುದು. ಮೊದಲ ಪುಟದಲ್ಲಿ ನಿಮ್ಮ ಹೆಸರು ಬರೆದಿಡುವುದು ಮಾತ್ರ ಲೇಸು.